ಶರಾವತಿ ಮುಳುಗಡೆ ಬಗ್ಗೆ ಸಂಶೋಧನಾ ಲೇಖನ ಬೇಕು, ದುಡ್ಡು ಕಟ್ಟದೆ ಓದುವ ದಾರಿ ಇದೆಯಾ?

ಹಿನ್ನೀರು_ಹುಡುಗಿ:
ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿಗೆ ಈ ವರ್ಷ ಸೇರಿದ್ದೇನೆ. ವಿಷಯ ಶರಾವತಿ ಮುಳುಗಡೆ ಸಂತ್ರಸ್ತರ ಪುನರ್ವಸತಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಆಗ ಊರು ಬಿಟ್ಟವರ ಮೊಮ್ಮಕ್ಕಳನ್ನು ಮಾತಾಡಿಸಬೇಕು ಅಂತಿದ್ದೇನೆ. ಅದಕ್ಕೂ ಮೊದಲು ಈ ಬಗ್ಗೆ ಬಂದಿರುವುದನ್ನೆಲ್ಲ ಓದಿ ಒಂದು ಅಧ್ಯಾಯ ಬರೆದುಕೊಂಡು ಬನ್ನಿ ಅಂತ ಗೈಡ್ ಹೇಳಿದ್ದಾರೆ.

ಗೂಗಲ್‌ನಲ್ಲಿ ಶರಾವತಿ, ಡಿಸ್‌ಪ್ಲೇಸ್‌ಮೆಂಟ್ ಅಂತ ಹಾಕಿದರೆ ಪೇಪರ್ ಸುದ್ದಿ ಬರುತ್ತದೆ, ಜೋಗಕ್ಕೆ ಹೋಗುವ ದಾರಿ ಬರುತ್ತದೆ. ಅಪರೂಪಕ್ಕೆ ಒಳ್ಳೆ ಲೇಖನ ಕಂಡರೆ ಸಾರಾಂಶ ಮಾತ್ರ ಓದಬಹುದು. ಪೂರ್ತಿ ಬೇಕು ಅಂದರೆ ಡಾಲರ್‌ನಲ್ಲಿ ಕಟ್ಟಬೇಕು, ನಮ್ಮ ಲೆಕ್ಕದಲ್ಲಿ ಒಂದೊಂದಕ್ಕೆ ಮೂರು ಸಾವಿರ ರೂಪಾಯಿ ಹತ್ತಿರ. ಮನೆ ಹೊಸನಗರದ ಕಡೆ, ದಿನಾ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗಿ ಬರಲು ಆಗುವುದಿಲ್ಲ. ಲೈಬ್ರರಿ ಡೇಟಾಬೇಸ್‌ನಲ್ಲಿ, ಅಂದರೆ ಲೇಖನಗಳನ್ನು ಹುಡುಕುವ ಆನ್‌ಲೈನ್ ಸಂಗ್ರಹದಲ್ಲಿ, ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಎಲ್ಲಿಂದ ಶುರು ಮಾಡಬೇಕು ಅಂತ ಯಾರೂ ಕೂತು ತೋರಿಸಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿಕೊಡಿ.

ಓದುಕೋಣೆ:
ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮಲೆನಾಡಿನ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

‘ವನ್ ನೇಷನ್ ವನ್ ಸಬ್‌ಸ್ಕ್ರಿಪ್ಷನ್’ ಅಂತ ಒಂದು ಯೋಜನೆ ಇದೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಒಪ್ಪಿತು, 2025ರ ಜನವರಿ 1ರಿಂದ ಜಾರಿಗೆ ಬಂತು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಲ್ಲಿವೆ. ಎಲ್ಸೆವಿಯರ್, ಸ್ಪ್ರಿಂಗರ್ ನೇಚರ್, ವೈಲಿ, ಟೇಲರ್ ಆ್ಯಂಡ್ ಫ್ರಾನ್ಸಿಸ್, ಸೇಜ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎಲ್ಲ ಇವೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದು ಸಿಗುತ್ತದೆ. ನೋಡಿಕೊಳ್ಳುವುದು ಗಾಂಧಿನಗರದ ಇನ್‌ಫ್ಲಿಬ್‌ನೆಟ್, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಗ್ರಂಥಾಲಯ ಜಾಲದ ಕೇಂದ್ರ. ನಿಮಗೆ ಮೂರು ಸಾವಿರ ಕೇಳಿದ ಆ ಲೇಖನಕ್ಕೆ ನಮ್ಮೆಲ್ಲರ ತೆರಿಗೆಯಿಂದ ಆಗಲೇ ದುಡ್ಡು ಹೋಗಿರುವ ಸಾಧ್ಯತೆ ಜಾಸ್ತಿ. ಅದು ನಿಮ್ಮ ಹಕ್ಕು. ಸಂಕೋಚ ಬೇಡ, ಕೇಳಿ ಪಡೆಯಿರಿ.

ಹಾಗಾದರೆ ನಿಮಗೆ ಯಾಕೆ ದುಡ್ಡು ಕೇಳಿತು? ನೀವು ಯಾರು ಅಂತ ಆ ತಾಣಕ್ಕೆ ಗೊತ್ತಾಗಿಲ್ಲ, ಅಷ್ಟೇ. ಕ್ಯಾಂಪಸ್‌ನ ನೆಟ್‌ನಲ್ಲಿ ಕೂತರೆ ಐಪಿ ವಿಳಾಸ ನೋಡಿ ತಾನಾಗಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ಮೊಬೈಲ್ ಡೇಟಾದಿಂದ ಹೋದರೆ ನೀವೂ ಹೊರಗಿನವರೇ. ಅದಕ್ಕೆ ‘ಇನ್‌ಫೆಡ್’ ಅಂತ ಲಾಗಿನ್ ವ್ಯವಸ್ಥೆ ಇದೆ. ಲೇಖನದ ಪುಟದಲ್ಲಿ ‘ಆ್ಯಕ್ಸೆಸ್ ಥ್ರೂ ಯುವರ್ ಇನ್‌ಸ್ಟಿಟ್ಯೂಷನ್’ ಅಂತ ಒಂದು ಬಟನ್ ಇರುತ್ತದೆ, ದುಡ್ಡು ಕಟ್ಟುವ ಬಟನ್‌ನ ಅಕ್ಕಪಕ್ಕದಲ್ಲೇ. ಅದನ್ನು ಒತ್ತಿ, ನಿಮ್ಮ ವಿಶ್ವವಿದ್ಯಾಲಯದ ಹೆಸರು ಆರಿಸಿ, ಗ್ರಂಥಾಲಯ ಕೊಟ್ಟ ಯೂಸರ್ ಐಡಿ ಹಾಕಿ. ಈ ಐಡಿ ಮಾಡಿಸಲು ಒಂದು ಸಲ ಗುರುತಿನ ಚೀಟಿ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋಗಿ. ನಾಳೆಯೇ ಹೋಗಿ, ಬಾಕಿ ಎಲ್ಲ ಆಮೇಲೆ.

ತೀರ್ಥಹಳ್ಳಿ_ಮೇಷ್ಟ್ರು:
ಓದುಕೋಣೆಯವರು ಸರಿಯಾಗಿ ಹೇಳಿದ್ದಾರೆ. ಅನುದಾನಿತ ಡಿಗ್ರಿ ಕಾಲೇಜುಗಳಲ್ಲಿ ಇರುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ನಮಗೆ ಎನ್-ಲಿಸ್ಟ್ ಇದೆ, ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಕೊಡುವ ಯೋಜನೆ. ಅದೂ ಇನ್‌ಫ್ಲಿಬ್‌ನೆಟ್‌ನದ್ದೇ. ಕಾಲೇಜು ವರ್ಷಕ್ಕೊಮ್ಮೆ ಚಂದಾ ಕಟ್ಟಿದರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಬೇರೆ ಬೇರೆ ಲಾಗಿನ್ ಮಾಡಿಸಿಕೊಡಬಹುದು. ಕಟ್ಟಿರುತ್ತಾರೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಡುವ ವರದಿಯಲ್ಲಿ ಬರೆದಿರುತ್ತಾರೆ, ಆದರೆ ಮಕ್ಕಳಿಗೆ ಐಡಿ ಮಾಡಿಸಿರುವುದಿಲ್ಲ. ನಾನು ಮೊದಲು ಕೆಲಸ ಮಾಡಿದ ಕಡೆ ಹೀಗೇ ಆಗಿತ್ತು. ಪದವಿ ಮುಗಿಸಿ ಹೋದ ಮಕ್ಕಳಿಗೆ ಅಂಥದ್ದೊಂದು ಇತ್ತು ಅಂತಲೇ ಗೊತ್ತಿರಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ. ನಿಮ್ಮ ಕಾಲೇಜಿನಲ್ಲಿ ಹೋಗಿ ಕೇಳಿ, ಬಾಯಿಬಿಟ್ಟು ಕೇಳಿ.

ಭದ್ರಾ_ಎಡದಂಡೆ:
ಇಷ್ಟೆಲ್ಲ ಬೇಕಾ ಮಾರಾಯ್ರೆ? ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್ ಸಾಕು. ನಾನು ಎಂಎಸ್ಸಿ ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಮಾಡಿದೆ. ಬಲಗಡೆ ಪಿಡಿಎಫ್ ಅಂತ ಬಂದಿದ್ದನ್ನು ಇಳಿಸಿಕೊಳ್ಳುವುದು, ಬರದಿದ್ದರೆ ಬಿಡುವುದು.

ಓದುಕೋಣೆ:
ಸ್ಕಾಲರ್ ಒಳ್ಳೆಯದೇ, ನಾನೂ ದಿನಾ ಬಳಸುತ್ತೇನೆ. ಆದರೆ ‘ಬರದಿದ್ದರೆ ಬಿಡುವುದು’ ಅನ್ನುವುದನ್ನು ಒಪ್ಪಲಾರೆ. ಬಿಟ್ಟ ಲೇಖನದಲ್ಲೇ ನಿಮಗೆ ಬೇಕಾದ ವಾದ ಇರಬಹುದು. ಪಿಡಿಎಫ್ ಸಿಕ್ಕಿದ್ದನ್ನು ಮಾತ್ರ ಓದಿ ‘ಈ ಬಗ್ಗೆ ಹೆಚ್ಚು ಕೆಲಸ ಆಗಿಲ್ಲ’ ಅಂತ ಬರೆಯುವ ಪ್ರಬಂಧಗಳನ್ನು ಬೇಕಾದಷ್ಟು ನೋಡಿದ್ದೇನೆ. ಕೆಲಸ ಮಾಡಿದವರಿಗೆ ಅದು ಅನ್ಯಾಯ.

ಸ್ಕಾಲರ್ ಎಷ್ಟೇ ಸಾವಿರ ಫಲಿತಾಂಶ ಇದೆ ಅಂದರೂ 1,000ಕ್ಕಿಂತ ಜಾಸ್ತಿ ತೋರಿಸುವುದಿಲ್ಲ. ವಿಷಯದ ಪ್ರಕಾರ ಸೋಸಲು ಆಗುವುದಿಲ್ಲ. ತಜ್ಞರು ಪರಿಶೀಲಿಸಿದ ಲೇಖನ ಹಾಕುವ ಜರ್ನಲ್ಲೂ ದುಡ್ಡು ಕೊಟ್ಟರೆ ಏನು ಬೇಕಾದರೂ ಹಾಕುವ ಜರ್ನಲ್ಲೂ ಒಂದೇ ಸಾಲಿನಲ್ಲಿ ಬರುತ್ತವೆ. ಸ್ಕೋಪಸ್‌ನಂಥ ಲೇಖನಗಳ ಸೂಚಿಯಲ್ಲಿ ಅಥವಾ ಪ್ರಕಾಶಕರ ಡೇಟಾಬೇಸ್‌ನಲ್ಲಿ ವರ್ಷ, ವಿಷಯ, ಲೇಖನದ ಬಗೆ ಎಲ್ಲವನ್ನೂ ಆರಿಸಬಹುದು. ಎರಡೂ ಬೇಕು. ಸ್ಕಾಲರ್‌ನಲ್ಲಿ ಶುರು ಮಾಡಿ, ಡೇಟಾಬೇಸ್‌ನಲ್ಲಿ ಗಟ್ಟಿ ಮಾಡಿಕೊಳ್ಳಿ.

ಸ್ಕಾಲರ್ ಬಳಸುವವರು ಮಾಡಬೇಕಾದ ಎರಡು ಕೆಲಸ ಹೇಳುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ‘ಲೈಬ್ರರಿ ಲಿಂಕ್ಸ್’ ಅಂತ ಇದೆ, ಅಲ್ಲಿ ನಿಮ್ಮ ಸಂಸ್ಥೆಯ ಹೆಸರು ಹುಡುಕಿ ನೋಡಿ. ಇದ್ದರೆ ಟಿಕ್ ಮಾಡಿ. ಎರಡನೆಯದು, ಪ್ರತಿ ಫಲಿತಾಂಶದ ಕೆಳಗೆ ‘ಆಲ್ ವರ್ಷನ್ಸ್’ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಒತ್ತಿದರೆ ಲೇಖಕರೇ ತಮ್ಮ ಸಂಸ್ಥೆಯ ಪುಟದಲ್ಲಿ ಹಾಕಿದ ಪ್ರತಿ ಎಷ್ಟೋ ಸಲ ಸಿಗುತ್ತದೆ.

ಅಡಿಕೆ_ಸಿಂಗಾರ:
ಇರುವಕ್ಕಿಯ ಕೃಷಿ ವಿ.ವಿ.ಯಲ್ಲಿ ಓದುತ್ತಿದ್ದೇನೆ, ಸಸ್ಯರೋಗ ವಿಭಾಗ. ಯಾವ ಡೇಟಾಬೇಸ್ ಅನ್ನುವುದಕ್ಕಿಂತ ಯಾವ ಪದ ಅನ್ನುವುದು ಮುಖ್ಯ ಅಂತ ನನ್ನ ಅನುಭವ. ಅಡಿಕೆಯನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಅರೆಕಾನಟ್ ಅಂತ ಕೂಡಿಸಿ ಬರೆಯುವವರು ಕೆಲವರು, ಅರೆಕಾ ನಟ್ ಅಂತ ಬಿಡಿಸಿ ಬರೆಯುವವರು ಕೆಲವರು. ಹೊರದೇಶದವರು ಬೀಟಲ್ ನಟ್ ಅನ್ನುತ್ತಾರೆ. ಒಂದೇ ಹಾಕಿದರೆ ಉಳಿದ ಎರಡು ಗುಂಪು ತಪ್ಪಿಹೋಗುತ್ತವೆ. ಅದಕ್ಕೆ ಅರೆಕಾ ಕಟೆಚು ಅನ್ನುವ ವೈಜ್ಞಾನಿಕ ಹೆಸರನ್ನು ಜೊತೆಗೆ ಹಾಕುತ್ತೇವೆ. ಕೊಳೆರೋಗವೂ ಹಾಗೇ. ಫ್ರೂಟ್ ರಾಟ್, ಕೊಳೆರೋಗ, ಮಹಾಳಿ, ಮೂರೂ ಹೆಸರಿನಲ್ಲಿ ಬರೆದಿದ್ದಾರೆ. ಜೊತೆಗೆ ರೋಗಾಣುವಿನ ಹೆಸರು ಫೈಟಾಫ್ತೊರಾ ಅಂತ ಹಾಕದಿದ್ದರೆ ಅರ್ಧ ಲೇಖನ ಸಿಗುವುದಿಲ್ಲ. ಎಲೆಚುಕ್ಕೆ ರೋಗಕ್ಕೆ ಬರೀ ಲೀಫ್ ಸ್ಪಾಟ್ ಅಂದರೆ ಟೊಮೆಟೊ, ಕಡಲೆಕಾಯಿ ಎಲ್ಲ ಬಂದು ಕೂರುತ್ತವೆ.

ಕೃಷಿ ಓದುವವರಿಗೆ ಜರ್ನಲ್ ಓದಲು ‘ಸೆರಾ’ ಅಂತ ಬೇರೆ ವ್ಯವಸ್ಥೆ ಇದೆ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನದ್ದು (ಐಸಿಎಆರ್). ಕೃಷಿ ವಿ.ವಿ.ಗಳಿಗೆಲ್ಲ ಸಿಗುತ್ತದೆ.

ಹಿನ್ನೀರು_ಹುಡುಗಿ:
ತುಂಬಾ ಧನ್ಯವಾದ. ನನ್ನ ವಿಷಯಕ್ಕೂ ಹೀಗೆ ಬೇರೆ ಬೇರೆ ಪದ ಇರುತ್ತವಾ? ನಾನು ಡಿಸ್‌ಪ್ಲೇಸ್‌ಮೆಂಟ್ ಒಂದನ್ನೇ ಹಾಕುತ್ತಿದ್ದೆ.

ಓದುಕೋಣೆ:
ಇರುತ್ತವೆ, ನಿಮ್ಮ ವಿಷಯದಲ್ಲಂತೂ ಜಾಸ್ತಿ. ಒಂದು ಹಾಳೆ ತಗೊಂಡು ಮೂರು ಕಾಲಂ ಎಳೆಯಿರಿ.

ಮೊದಲ ಕಾಲಂ ಜಾಗ. ಶರಾವತಿಯನ್ನು ಇಂಗ್ಲಿಷಿನಲ್ಲಿ ‘ಟಿ’ ಆದ ಮೇಲೆ ‘ಎಚ್’ ಹಾಕಿ ಬರೆಯುವವರಿದ್ದಾರೆ, ಹಾಕದೆ ಬರೆಯುವವರಿದ್ದಾರೆ. ಎರಡೂ ಬರೆದುಕೊಳ್ಳಿ. ಲಿಂಗನಮಕ್ಕಿ ಬೇರೆಯಾಗಿ ಹಾಕಿ. 1940ರ ದಶಕದ ಹಿರೇಭಾಸ್ಕರ ಅಣೆಕಟ್ಟನ್ನು ಮರೆಯಬೇಡಿ, ಮೊದಲು ನೀರು ನಿಂತಿದ್ದು ಅಲ್ಲಿ. ಜಿಲ್ಲೆಯ ಹೆಸರು ಇಂಗ್ಲಿಷಿನಲ್ಲಿ ‘ಶಿವಮೊಗ್ಗ’ ಅಂತ ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಲೇಖನಗಳಲ್ಲೆಲ್ಲ ‘ಶಿಮೊಗ’ ಅಂತಲೇ ಇರುತ್ತದೆ. 1973ಕ್ಕೂ ಹಿಂದಿನದಾದರೆ ರಾಜ್ಯದ ಹೆಸರು ಮೈಸೂರು. ಈಗಿನ ಹೆಸರು ಹಾಕಿ ಹುಡುಕಿದರೆ ಮುಳುಗಡೆಯ ಕಾಲದ ಬರಹವೇ ಬರುವುದಿಲ್ಲ!

ಎರಡನೇ ಕಾಲಂ ಸಂಗತಿ. ಡಿಸ್‌ಪ್ಲೇಸ್‌ಮೆಂಟ್, ರೀಸೆಟ್ಲ್‌ಮೆಂಟ್, ರಿಹ್ಯಾಬಿಲಿಟೇಷನ್. ನಮ್ಮ ದೇಶದ ಅಣೆಕಟ್ಟುಗಳ ಬಗ್ಗೆ ಬರೆದವರು ‘ಔಸ್ಟೀಸ್’ (ಜಾಗದಿಂದ ಹೊರಹಾಕಿಸಿಕೊಂಡವರು) ಅನ್ನುವ ಪದ ತುಂಬಾ ಬಳಸಿದ್ದಾರೆ. ಸರ್ಕಾರಿ ವರದಿಗಳಲ್ಲಿ ‘ಪ್ರಾಜೆಕ್ಟ್ ಅಫೆಕ್ಟೆಡ್ ಪರ್ಸನ್ಸ್’. ಮೂರನೇ ಕಾಲಂನಲ್ಲಿ ನಿಮ್ಮ ಕೋನ: ಅರಣ್ಯ ಭೂಮಿ, ಹಕ್ಕುಪತ್ರ, ಹೆಂಗಸರು, ಜೀವನೋಪಾಯ, ಯಾವುದು ಬೇಕೋ ಅದು.

ಒಂದು ಕಾಲಂ ಒಳಗಿನ ಪದಗಳ ನಡುವೆ ‘ಆರ್’, ಕಾಲಂ ಕಾಲಂ ನಡುವೆ ‘ಆ್ಯಂಡ್’. ಇವೆರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆಯಿರಿ. ‘ಆರ್’ ಇರುವ ಗುಂಪಿಗೆ ಬ್ರಾಕೆಟ್ ಹಾಕಿ. ಎರಡು ಮೂರು ಪದ ಸೇರಿ ಒಂದೇ ಹೆಸರಾದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಡಿಸ್‌ಪ್ಲೇಸ್ ತನಕ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಡಿಸ್‌ಪ್ಲೇಸ್ಡ್, ಡಿಸ್‌ಪ್ಲೇಸ್‌ಮೆಂಟ್ ಎರಡೂ ಬರುತ್ತವೆ. ಡೇಟಾಬೇಸ್‌ಗಳಲ್ಲಿ ಸಾಮಾನ್ಯವಾಗಿ ಇದು ನಡೆಯುತ್ತದೆ, ಸ್ಕಾಲರ್‌ನಲ್ಲಿ ನಡೆಯುವುದಿಲ್ಲ.

ಜಾಗದ ಹೆಸರು ಹಾಕಿ ಹತ್ತೋ ಹದಿನೈದೋ ಬಂದರೆ ಗಾಬರಿ ಬೇಡ. ಶರಾವತಿ ಅಂತ ಹೆಸರೇ ಹೇಳದ ಲೇಖನವೂ ನಿಮಗೆ ಬೇಕು. ವಿಶ್ವಬ್ಯಾಂಕಿನಲ್ಲಿದ್ದ ಸಮಾಜಶಾಸ್ತ್ರಜ್ಞ ಮೈಕೆಲ್ ಚೆರ್ನಿಯಾ 1997ರಲ್ಲಿ ‘ವರ್ಲ್ಡ್ ಡೆವಲಪ್‌ಮೆಂಟ್’ ಜರ್ನಲ್‌ನಲ್ಲಿ ಒಂದು ಲೇಖನ ಬರೆದರು. ಊರು ಬಿಟ್ಟವರು ಬಡತನಕ್ಕೆ ಬೀಳುವ ಎಂಟು ಅಪಾಯಗಳನ್ನು ಅದರಲ್ಲಿ ಹೇಳಿದ್ದಾರೆ. ಜಮೀನು, ಕೆಲಸ, ಮನೆ ಹೋಗುವುದು ಒಂದು ಕಡೆ. ಕಾಡು ಗೋಮಾಳದಂಥ ಊರೊಟ್ಟಿನ ಆಸ್ತಿ ಕೈತಪ್ಪುವುದು, ನೆರೆಹೊರೆ ಚದುರಿಹೋಗುವುದೂ ಅದರಲ್ಲಿದೆ. ತೋಟಕ್ಕೆ ಸೊಪ್ಪು ತರುತ್ತಿದ್ದ ಸೊಪ್ಪಿನ ಬೆಟ್ಟ ಕಳೆದುಕೊಂಡ ಮಲೆನಾಡಿನ ಮನೆಗಳಿಗೆ ಇದು ಎಷ್ಟು ಹತ್ತಿರದ ಮಾತು ನೋಡಿ.

ಈಗ ಸ್ಕಾಲರ್‌ನಲ್ಲಿ ಆ ಲೇಖನ ತೆಗೆಯಿರಿ. ಕೆಳಗೆ ‘ಸೈಟೆಡ್ ಬೈ’ ಅಂತ ಇದೆ, ಒತ್ತಿ. ಅದನ್ನು ಉಲ್ಲೇಖಿಸಿದ ದೊಡ್ಡ ಪಟ್ಟಿಯೇ ಬರುತ್ತದೆ. ಅಲ್ಲೇ ಮೇಲೆ ‘ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್’ ಅಂತ ಚೌಕ ಇದೆ. ಅದಕ್ಕೆ ಟಿಕ್ ಹಾಕಿ ‘ಕರ್ನಾಟಕ’ ಅಂತ ಇಂಗ್ಲಿಷಿನಲ್ಲಿ ಹಾಕಿ. ನಮ್ಮ ಕಡೆಯ ಅಣೆಕಟ್ಟು, ಗಣಿ, ಅಭಯಾರಣ್ಯದ ಬಗ್ಗೆ ಬರೆದವರು ಅಲ್ಲಿ ಸಿಗುತ್ತಾರೆ. ಅವರ ಉಲ್ಲೇಖ ಪಟ್ಟಿ ಹಿಡಿದು ಹಿಂದಕ್ಕೆ ಹೋಗಿ. ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಹೀಗೆ ಹೋದರೆ, ಯಾವ ಪದ ಹಾಕಿದರೂ ಬಾರದ ಲೇಖನವೂ ಕೈಗೆ ಸಿಗುತ್ತದೆ.

ಕಾನುಮನೆ:
ನಾನು ಆರೋಗ್ಯ ಇಲಾಖೆ ಕಡೆಯವನು. ಹಳೆ ಹೆಸರಿನ ವಿಷಯ ನೂರಕ್ಕೆ ನೂರು ನಿಜ. ಮಂಗನ ಕಾಯಿಲೆ ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಗಿನ ವರದಿಗಳಲ್ಲಿ ‘ಶಿಮೊಗ ಡಿಸ್ಟ್ರಿಕ್ಟ್, ಮೈಸೂರು’ ಅಂತ ಇದೆ. ತನಿಖೆ ಮಾಡಿದ್ದು ಪುಣೆಯ ವೈರಸ್ ರಿಸರ್ಚ್ ಸೆಂಟರ್, ಅದರ ಈಗಿನ ಹೆಸರು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ವೈರಾಲಜಿ. ಸಂಸ್ಥೆಯ ಹೆಸರೂ ಬದಲಾಗಿರುತ್ತದೆ, ಅದನ್ನೂ ಪಟ್ಟಿಗೆ ಹಾಕಿಕೊಳ್ಳಿ. ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ತಾಣ ಎಲ್ಲರಿಗೂ ಉಚಿತ. ಅಲ್ಲಿ ‘ಮೆಶ್’ ಅಂತ ವಿಷಯ ಶೀರ್ಷಿಕೆಗಳಿವೆ. ಕ್ಯಾಸನೂರು ಕಾಡಿನ ಕಾಯಿಲೆಗೆ ಅದರಲ್ಲಿ ಸ್ವಂತ ಶೀರ್ಷಿಕೆಯೇ ಇದೆ. ಲೇಖಕರು ಕೆಎಫ್‌ಡಿ ಅನ್ನಲಿ, ಮಂಕಿ ಫೀವರ್ ಅನ್ನಲಿ, ಆ ಶೀರ್ಷಿಕೆ ಕೊಟ್ಟಿದ್ದೆಲ್ಲ ಒಟ್ಟಿಗೆ ಬರುತ್ತದೆ.

ಸಾಗರದ_ಓದುಗ:
ಎಲ್ಲರೂ ಇಂಗ್ಲಿಷ್ ಲೇಖನದ ಬಗ್ಗೆ ಹೇಳುತ್ತಿದ್ದೀರಿ. ಮುಳುಗಡೆ ಬಗ್ಗೆ ಕನ್ನಡದಲ್ಲಿ ಬರೆದವರು ಎಷ್ಟು ಜನ ಇದ್ದಾರೆ! ಅದನ್ನು ಬಿಟ್ಟು ಅಧ್ಯಾಯ ಬರೆದರೆ ಅದು ಅರ್ಧವೇ. ಸ್ಕೋಪಸ್‌ನಲ್ಲಿ ಕನ್ನಡದ ಸಂಶೋಧನೆ ಇಲ್ಲ ಅಂದರೆ ಸಂಶೋಧನೆಯೇ ಇಲ್ಲ ಅಂತ ಅರ್ಥ ಅಲ್ಲವಲ್ಲ. ಮೈಸೂರು ವಿ.ವಿ.ಯ ‘ಪ್ರಬುದ್ಧ ಕರ್ಣಾಟಕ’, ಸಾಹಿತ್ಯ ಪರಿಷತ್ತಿನ ಪತ್ರಿಕೆಗಳು, ಇವೆಲ್ಲ ಬೈಂಡ್ ಮಾಡಿಸಿದ ಸಂಪುಟಗಳಾಗಿ ಕಪಾಟಿನಲ್ಲಿ ಇರುತ್ತವೆ. ಅವುಗಳ ಒಳಗಿನ ಲೇಖನದ ಹೆಸರು ಯಾವ ಸರ್ಚ್‌ನಲ್ಲೂ ಬರುವುದಿಲ್ಲ. ವರ್ಷದ ಕೊನೆಯ ಸಂಚಿಕೆಯಲ್ಲಿ ವಿಷಯಸೂಚಿ ಇದ್ದರೆ ಪುಣ್ಯ, ಇಲ್ಲದಿದ್ದರೆ ಒಂದೊಂದೇ ತೆಗೆದು ನೋಡಬೇಕು. ನಾನು ಕೆಳದಿ ಅರಸರ ಬಗ್ಗೆ ಓದುವವನು, ಕೆಳದಿಯ ಮ್ಯೂಸಿಯಂಗೂ ಗ್ರಂಥಾಲಯಕ್ಕೂ ಹೋಗಿ ಕೂರದೆ ನನ್ನ ಕೆಲಸ ನಡೆಯುವುದೇ ಇಲ್ಲ.

ಆನ್‌ಲೈನ್‌ನಲ್ಲಿ ಆಗುವುದು ಅಂದರೆ ಶೋಧಗಂಗಾ. ದೇಶದ ಪಿಎಚ್‌ಡಿ ಪ್ರಬಂಧಗಳೆಲ್ಲ ಅಲ್ಲಿ ಸೇರಬೇಕು ಅಂತ ಯುಜಿಸಿ 2009ರಲ್ಲೇ ನಿಯಮ ಮಾಡಿತು. ಲಾಗಿನ್ ಬೇಡ, ಯಾರು ಬೇಕಾದರೂ ಓದಬಹುದು. ಕುವೆಂಪು ವಿ.ವಿ.ಯ ಪ್ರಬಂಧಗಳೂ ಇವೆ, ಹಂಪಿ ಕನ್ನಡ ವಿ.ವಿ.ಯದ್ದೂ ಇವೆ. ಕನ್ನಡ ಪ್ರಬಂಧದ ಶೀರ್ಷಿಕೆಯನ್ನು ಕೆಲವರು ಕನ್ನಡ ಅಕ್ಷರದಲ್ಲಿ ಹಾಕಿರುತ್ತಾರೆ, ಕೆಲವರು ಇಂಗ್ಲಿಷ್ ಅಕ್ಷರದಲ್ಲಿ. ಎರಡೂ ರೀತಿ ಹುಡುಕಿ. ‘ಮುಳುಗಡೆ’ ಅಂತ ಹಾಕಿ, ‘ಸಂತ್ರಸ್ತ’ ಅಂತ ಹಾಕಿ, ‘ಪುನರ್ವಸತಿ’ ಅಂತ ಹಾಕಿ.

ಓದುಕೋಣೆ:
ಸಾಗರದವರ ಮಾತಿಗೆ ಪೂರ್ತಿ ಒಪ್ಪಿಗೆ. ಶೋಧಗಂಗಾದಲ್ಲಿ ಪ್ರಬಂಧ ಒಂದೇ ಫೈಲ್ ಆಗಿ ಇರುವುದಿಲ್ಲ, ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ. ಮೊದಲು ಕೊನೆಯಲ್ಲಿರುವ ‘ಬಿಬ್ಲಿಯೋಗ್ರಫಿ’ ಫೈಲ್ ಇಳಿಸಿಕೊಳ್ಳಿ. ಸಣ್ಣ ಫೈಲ್, ಹೊಸನಗರದ ನೆಟ್‌ವರ್ಕ್‌ನಲ್ಲೂ ಬರುತ್ತದೆ. ನಿಮ್ಮ ವಿಷಯದ ಹತ್ತಿರ ಕೆಲಸ ಮಾಡಿದವರು ಕಷ್ಟಪಟ್ಟು ಕೂಡಿಸಿದ ಪಟ್ಟಿ ಅದು. ಅದರಲ್ಲಿ ಜರ್ನಲ್ ಲೇಖನವೂ ಇರುತ್ತದೆ, ಕನ್ನಡ ಪುಸ್ತಕವೂ ಇರುತ್ತದೆ, ಸರ್ಕಾರಿ ವರದಿಯೂ ಇರುತ್ತದೆ. ಬಳಸಿದರೆ ಆ ಪ್ರಬಂಧವನ್ನೂ ಉಲ್ಲೇಖಿಸಿ.

ಶರಾವತಿ ಕಣಿವೆಯ ಕಾಡು, ನೀರು, ಮೀನಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ವರದಿಗಳು ಅವರ ತಾಣದಲ್ಲೇ ಉಚಿತವಾಗಿವೆ. ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯ ಹಳೆ ಸಂಚಿಕೆಗಳು ಜೆಸ್ಟೋರ್ ಅನ್ನುವ ಡಿಜಿಟಲ್ ಜರ್ನಲ್ ಸಂಗ್ರಹದಲ್ಲಿವೆ. ಅಣೆಕಟ್ಟು, ಪುನರ್ವಸತಿ ಬಗ್ಗೆ ಓದುವವರು ಅದನ್ನು ಬಿಡುವ ಹಾಗಿಲ್ಲ.

ಭದ್ರಾ_ಎಡದಂಡೆ:
‘ಸೈಟೆಡ್ ಬೈ’ ಒಳಗೆ ಹುಡುಕಬಹುದು ಅಂತ ಗೊತ್ತಿರಲಿಲ್ಲ, ಈಗಷ್ಟೇ ನೋಡಿದೆ, ಭಾರಿ ಉಪಯೋಗ. ಇನ್ನೊಂದು ಕೇಳಬೇಕಿತ್ತು. ಎಐ ಚಾಟ್‌ಬಾಟ್‌ಗೆ ‘ಈ ವಿಷಯದ ಹತ್ತು ಲೇಖನ ಕೊಡು’ ಅಂದರೆ ಪಟಪಟ ಅಂತ ಕೊಡುತ್ತದಲ್ಲ, ಅದು ಬೇಡವಾ?

ತೀರ್ಥಹಳ್ಳಿ_ಮೇಷ್ಟ್ರು:
ಪಟ್ಟಿ ಕೇಳಬೇಡಿ. ಲೇಖಕರ ಹೆಸರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಲೋಕದಲ್ಲೇ ಇಲ್ಲ, ಇಂಥದ್ದು ವಿದ್ಯಾರ್ಥಿಗಳ ಅಸೈನ್‌ಮೆಂಟ್‌ನಲ್ಲಿ ಬರುತ್ತಲೇ ಇದೆ. ಹುಡುಕುವ ಪದಗಳನ್ನು ಕೇಳಿ, ಅದಕ್ಕೆ ಅಡ್ಡಿಯಿಲ್ಲ. ಲೇಖನ ಇದೆಯೋ ಇಲ್ಲವೋ ನೋಡಲು ಡಿಒಐ ಸಂಖ್ಯೆ, ಅಂದರೆ ಪ್ರತಿ ಲೇಖನಕ್ಕೆ ಕೊಡುವ ಗುರುತಿನ ಸಂಖ್ಯೆ, ಸಾಕು. 10 ಮತ್ತು ಒಂದು ಚುಕ್ಕೆಯಿಂದ ಶುರುವಾಗುತ್ತದೆ ಅದು. ಡಿಒಐ ಡಾಟ್ ಆರ್ಗ್ ತಾಣದಲ್ಲಿ ಹಾಕಿದರೆ ನೇರ ಆ ಲೇಖನಕ್ಕೇ ಹೋಗಬೇಕು. ಹೋಗದಿದ್ದರೆ, ಅಥವಾ ಬೇರೆ ಲೇಖನ ತೆರೆದುಕೊಂಡರೆ, ಅನುಮಾನ ಪಡಿ. ನಮ್ಮ ಹಳೆಯ ಜರ್ನಲ್‌ಗಳಿಗೆ ಡಿಒಐ ಇಲ್ಲದೆ ಇರಬಹುದು. ಆಗ ಆ ಸಂಚಿಕೆಯ ಪರಿವಿಡಿಯನ್ನೇ ತೆಗೆದು ಪುಟಸಂಖ್ಯೆ ನೋಡಿ.

ಯುಜಿಸಿ ಒಪ್ಪಿದ ಜರ್ನಲ್‌ಗಳ ‘ಯುಜಿಸಿ-ಕೇರ್’ ಪಟ್ಟಿ ನೋಡಿ ಜರ್ನಲ್ ಒಳ್ಳೆಯದೋ ಅಲ್ಲವೋ ಅಂತ ಹೇಳುತ್ತಿದ್ದೆವು. 2025ರಲ್ಲಿ ಅದನ್ನು ಕೈಬಿಟ್ಟರು. ಈಗ ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಪರಿಶೀಲನೆ ಹೇಗೆ ಮಾಡುತ್ತಾರೆ ಅಂತ ನಾವೇ ನೋಡಬೇಕು. ನಾಲ್ಕು ದಿನದಲ್ಲಿ ಪ್ರಕಟಿಸುತ್ತೇವೆ ಅನ್ನುವವರ ಹತ್ತಿರ ಹೋಗಬೇಡಿ.

ಹಿನ್ನೀರು_ಹುಡುಗಿ:
ನಿನ್ನೆ ಗ್ರಂಥಾಲಯಕ್ಕೆ ಹೋಗಿ ಲಾಗಿನ್‌ಗೆ ಅರ್ಜಿ ಕೊಟ್ಟು ಬಂದೆ. ಕ್ಯಾಂಪಸ್ ವೈಫೈನಲ್ಲಿ ಕೂತು ಚೆರ್ನಿಯಾ ಅವರ ಲೇಖನ ತೆರೆದೆ, ಪೂರ್ತಿ ಬಂತು! ಮೂರು ಕಾಲಂ ಹಾಳೆಯನ್ನು ಗೈಡ್‌ಗೂ ತೋರಿಸಿದೆ. ಅವರು ‘ಸಬ್‌ಮರ್ಜೆನ್ಸ್’ ಅನ್ನುವ ಪದ ಸೇರಿಸಿಕೊಟ್ಟರು.

ಇನ್ನೆರಡು ಪ್ರಶ್ನೆ. ಕ್ಯಾಂಪಸ್‌ಗೆ ಹೋದ ದಿನವೇ ಎಲ್ಲ ಇಳಿಸಿಕೊಂಡು ಬರಬಹುದಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಎರಡನೆಯದು, ಒಂದು ಪ್ರಬಂಧದ ಪಟ್ಟಿಯಲ್ಲಿ ಕಂಡ ಹಳೇ ಲೇಖನ ಯಾವ ಡೇಟಾಬೇಸ್‌ನಲ್ಲೂ ಇಲ್ಲ. ನಮ್ಮ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಆ ಜರ್ನಲ್ಲೇ ಇಲ್ಲ. ಏನು ಮಾಡಲಿ?

ಓದುಕೋಣೆ:
ತುಂಬಾ ಖುಷಿಯಾಯಿತು. ಇಳಿಸಿಕೊಳ್ಳಿ, ಓದುವಷ್ಟು ಇಳಿಸಿಕೊಳ್ಳಿ. ಆದರೆ ಸಂಚಿಕೆಗಟ್ಟಲೆ ಒಟ್ಟಿಗೆ ಎಳೆಯಬೇಡಿ, ಅದಕ್ಕಂತ ಇರುವ ಸಾಫ್ಟ್‌ವೇರ್ ಹಚ್ಚಲೇಬೇಡಿ. ಹಾಗೆ ಮಾಡಿದರೆ ಪ್ರಕಾಶಕರು ಇಡೀ ಕ್ಯಾಂಪಸ್‌ನ ಪ್ರವೇಶವನ್ನೇ ನಿಲ್ಲಿಸಿಬಿಡುತ್ತಾರೆ, ಉಳಿದವರಿಗೆ ತೊಂದರೆ. ಲ್ಯಾಪ್‌ಟಾಪ್‌ನಲ್ಲಿ ಲೇಖನಗಳನ್ನು ಜೋಡಿಸಿಡುವ ಝೊಟೆರೊ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಬ್ರೌಸರ್‌ನಲ್ಲಿ ಅದರ ಗುಂಡಿ ಒತ್ತಿದರೆ ಲೇಖಕರು, ವರ್ಷ, ಜರ್ನಲ್, ಪಿಡಿಎಫ್ ಎಲ್ಲ ಒಟ್ಟಿಗೆ ಕೂರುತ್ತವೆ. ಪಿಡಿಎಫ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಇರುವುದರಿಂದ ನೆಟ್ ಇಲ್ಲದೆಯೂ ಓದಬಹುದು, ಟಿಪ್ಪಣಿ ಬರೆಯಬಹುದು. ಜೊತೆಗೆ, ಯಾವ ಡೇಟಾಬೇಸ್‌ನಲ್ಲಿ ಯಾವ ಪದ ಹಾಕಿದಿರಿ, ಯಾವ ತಾರೀಖು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗಿ. ಅಧ್ಯಾಯ ಬರೆಯುವಾಗ ಬೇಕಾಗುತ್ತದೆ.

ಹಳೇ ಲೇಖನಕ್ಕೆ ಎರಡು ದಾರಿ. ಲೇಖಕರು ಇದ್ದರೆ ಅವರಿಗೇ ಇಮೇಲ್ ಬರೆಯಿರಿ. ನೀವು ಯಾರು, ಏನು ಓದುತ್ತಿದ್ದೀರಿ, ಯಾವ ಲೇಖನ ಬೇಕು, ಮೂರೇ ಸಾಲು ಸಾಕು. ತಮ್ಮ ಬರಹವನ್ನು ಯಾರೋ ಹುಡುಕಿಕೊಂಡು ಬಂದರು ಅಂದರೆ ಬೇಡ ಅನ್ನುವವರು ಕಡಿಮೆ.

ಇಲ್ಲದಿದ್ದರೆ ಡೆಲ್‌ನೆಟ್. 1988ರಲ್ಲಿ ದೆಹಲಿಯಲ್ಲಿ ಶುರುವಾದ ಗ್ರಂಥಾಲಯಗಳ ಜಾಲ ಅದು, ಈಗ ದೇಶದ ಎಲ್ಲ ಕಡೆ ಸದಸ್ಯರಿದ್ದಾರೆ. ನಿಮ್ಮ ಗ್ರಂಥಾಲಯ ಸದಸ್ಯನಾಗಿದ್ದರೆ ಬೇರೆ ಊರಿನ ಗ್ರಂಥಾಲಯದಿಂದ ಲೇಖನದ ಪ್ರತಿ ತರಿಸಿಕೊಡುತ್ತಾರೆ, ಪುಸ್ತಕವನ್ನೂ ತರಿಸುತ್ತಾರೆ. ಅರ್ಜಿಯಲ್ಲಿ ಲೇಖಕರ ಹೆಸರು, ಲೇಖನದ ಹೆಸರು, ಜರ್ನಲ್‌ನ ಪೂರ್ತಿ ಹೆಸರು, ಸಂಪುಟ, ಸಂಚಿಕೆ, ವರ್ಷ, ಪುಟಸಂಖ್ಯೆ ಬರೆಯಿರಿ. ಎಲ್ಲಿ ನೋಡಿದಿರೋ ಆ ಪ್ರಬಂಧದ ಪುಟದ ಫೋಟೋ ಲಗತ್ತಿಸಿ. ಪಟ್ಟಿಯಲ್ಲಿ ಜರ್ನಲ್ ಹೆಸರನ್ನು ಚಿಕ್ಕದು ಮಾಡಿ ಬರೆದಿದ್ದರೆ ಇಲ್ಲಿ ಹಾಕಿ, ಯಾವುದು ಅಂತ ಎಲ್ಲರೂ ಸೇರಿ ನೋಡೋಣ.

ಸಾಗರದ_ಓದುಗ:
ಕನ್ನಡದ ಲೇಖನ ಆದರೆ ನನಗೂ ತಿಳಿಸಿ. ಮುಂದಿನ ವಾರ ಮೈಸೂರಿಗೆ ಹೋಗುತ್ತಿದ್ದೇನೆ, ಅಲ್ಲಿನ ಗ್ರಂಥಾಲಯದಲ್ಲಿ ಕೂರುವುದಿದೆ. ಸಂಪುಟ, ವರ್ಷ ಕೊಟ್ಟರೆ ನೋಡಿಕೊಂಡು ಬರುತ್ತೇನೆ.

ಹಿನ್ನೀರು_ಹುಡುಗಿ:
ಕನ್ನಡದ್ದೇ ಸರ್. ಪಟ್ಟಿಯ ಫೋಟೋ ಈಗಲೇ ಹಾಕುತ್ತೇನೆ, ಸಂಪುಟದ ಸಂಖ್ಯೆ ಮಾತ್ರ ಸ್ವಲ್ಪ ಮಸುಕಾಗಿದೆ, 48 ಇರಬೇಕು.